ಹಸ್ತಾಕ್ಷರ ಮತ್ತು ಕಲಾಕೃತಿಗಳ ಅಸಲಿತನದ ಪ್ರಮಾಣಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಹಳೆಯ ಪಟ, ಸಹಿ ಇರುವ ಪುಸ್ತಕ, ಆಟಗಾರರು ರುಜು ಹಾಕಿದ ಬ್ಯಾಟು, ಕಿನ್ನಾಳದ ಗೊಂಬೆ, ತೊಗಲುಗೊಂಬೆ ಇಂಥವನ್ನು ಕೊಳ್ಳುವವರಿಗೂ, ಮನೆಯಲ್ಲಿ ಅಜ್ಜನ ಕಾಲದಿಂದ ಉಳಿದದ್ದನ್ನು ಮಾರಲು ಹೊರಟವರಿಗೂ ಒಂದಲ್ಲ ಒಂದು ದಿನ ಎದುರಾಗುವ ಕಾಗದವೆಂದರೆ ‘ಇದು ಅಸಲಿ’ ಎಂದು ಹೇಳುವ ಪ್ರಮಾಣಪತ್ರ. ಆ ಕಾಗದವನ್ನು ಎಷ್ಟರಮಟ್ಟಿಗೆ ನಂಬಬಹುದು, ನಂಬುವ ಮುನ್ನ ಏನೇನು ನೋಡಬೇಕು ಎಂಬುದಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಂಥ ಪ್ರಮಾಣಪತ್ರವನ್ನು ಯಾರು ಬೇಕಾದರೂ ಕೊಡಬಹುದೇ?

ಕೊಡಬಹುದು, ಮತ್ತು ತೊಂದರೆ ಹುಟ್ಟುವುದೇ ಅಲ್ಲಿ. ಚಿನ್ನದ ಒಡವೆಯ ಮೇಲಿನ ಹಾಲ್‌ಮಾರ್ಕಿನ ಹಿಂದೆ ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರವಿರುತ್ತದೆ. ಒಡವೆಗೆ ಆರು ಅಕ್ಷರಾಂಕಗಳ ಗುರುತು ಸಂಖ್ಯೆಯೂ ಇರುತ್ತದೆ. ಸಹಿ ಅಥವಾ ಚಿತ್ರದ ಅಸಲಿತನವನ್ನು ಸಾರುವ ಪತ್ರದ ಹಿಂದೆ ನಮ್ಮ ದೇಶದಲ್ಲಿ ಅಂಥ ಯಾವ ವ್ಯವಸ್ಥೆಯೂ ಇಲ್ಲ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಒಂದು ರಬ್ಬರ್ ಸ್ಟಾಂಪು ಇದ್ದರೆ ಯಾವ ಡಿಟಿಪಿ ಅಂಗಡಿಯಲ್ಲಾದರೂ ಅದು ತಯಾರಾಗುತ್ತದೆ. ಆದ್ದರಿಂದ ಆ ಪತ್ರವನ್ನು ಒಬ್ಬ ವ್ಯಕ್ತಿ ಬರೆದುಕೊಟ್ಟ ಹೇಳಿಕೆ ಎಂದಷ್ಟೇ ಪರಿಗಣಿಸಬೇಕು. ಹೇಳಿದವರು ಯಾರು, ಯಾವ ತಿಳಿವಳಿಕೆಯ ಆಧಾರದ ಮೇಲೆ ಹೇಳಿದರು, ಹೇಳಿದ್ದು ಇದೇ ವಸ್ತುವಿನ ಬಗ್ಗೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಷ್ಟೇ ಅದರ ಬೆಲೆ.

ಹಾಗೆಂದು ಅದು ಬರೀ ಕಾಗದವೂ ಅಲ್ಲ. ಮಾರುವವರೇ ‘ಇದು ಇಂಥ ಕಲಾವಿದರ ಮೂಲ ಕೃತಿ’ ಎಂದು ಬರೆದುಕೊಟ್ಟರೆ, 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವಸ್ತುವು ಆ ವರ್ಣನೆಗೆ ಹೊಂದಿಕೊಳ್ಳಲೇಬೇಕು. ಹೊಂದದಿದ್ದರೆ ಅದನ್ನು ಹಿಂತಿರುಗಿಸಿ ಹಣ ಕೇಳುವುದಕ್ಕೆ ಆ ಬರಹವೇ ಆಧಾರವಾಗುತ್ತದೆ.

ಯಾರು ಬರೆದುಕೊಟ್ಟ ಪತ್ರವನ್ನು ಹೆಚ್ಚು ನಂಬಬಹುದು?

ಬದುಕಿರುವ ಕಲಾವಿದರ ಮಾತೇ ಮೊದಲನೆಯದು. 2009ರಲ್ಲಿ ದೆಹಲಿಯಲ್ಲಿ ಏರ್ಪಟ್ಟಿದ್ದ ತಮ್ಮದೇ ಚಿತ್ರಪ್ರದರ್ಶನಕ್ಕೆ ಬಂದ ಎಸ್. ಎಚ್. ರಜಾ ಅವರು, ಗೋಡೆಯ ಮೇಲಿದ್ದ ಕೃತಿಗಳನ್ನು ನೋಡಿ ಇವು ನಾನು ಬರೆದವಲ್ಲ ಎಂದಾಗ ಪ್ರದರ್ಶನವನ್ನೇ ಮುಚ್ಚಬೇಕಾಯಿತು. ಕಲಾವಿದರು ಆಗ ಬದುಕಿರದಿದ್ದರೆ ಆ ಚಿತ್ರಗಳಿಗೆ ಏನಾಗುತ್ತಿತ್ತು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಅನಂತರ ಬರುವುದು ಕೃತಿಯನ್ನು ಕಲಾವಿದರಿಂದ ನೇರವಾಗಿ ಪಡೆದು ಮೊದಲ ಸಲ ಮಾರಿದ ಗ್ಯಾಲರಿಯ ರಸೀದಿ, ಹಾಗೂ ಆ ಕಲಾವಿದರ ಕೃತಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರ ಲಿಖಿತ ಅಭಿಪ್ರಾಯ. ಕಲಾವಿದರ ಮನೆಯವರು ಕೊಟ್ಟ ಪತ್ರಕ್ಕೆ ಮಾರುಕಟ್ಟೆಯಲ್ಲಿ ಬಹಳ ಮರ್ಯಾದೆಯಿದೆಯಾದರೂ, ತಂದೆಯ ಆಸ್ತಿ ಮಕ್ಕಳಿಗೆ ಬರುವ ಹಾಗೆ ತಂದೆಯ ಕೈಬರಹವನ್ನು ಗುರುತಿಸುವ ಕಣ್ಣು ತಾನಾಗಿ ಬರುವುದಿಲ್ಲ. ತಂದೆ ಚಿತ್ರ ಬರೆಯುವಾಗ ಜೊತೆಗಿದ್ದು ಲೆಕ್ಕ ಇಟ್ಟವರ ಮಾತಿಗೂ, ದೂರದ ಊರಿನಲ್ಲಿ ಬೇರೆ ಉದ್ಯೋಗದಲ್ಲಿದ್ದು ಈಗ ಪತ್ರ ಕೊಡುತ್ತಿರುವವರ ಮಾತಿಗೂ ವ್ಯತ್ಯಾಸವಿದೆ. ಕೊನೆಯ ಸ್ಥಾನ ಮಾರುವವರು ತಾವೇ ಕೊಡುವ ಪತ್ರಕ್ಕೆ.

ಹೆಸರಾಂತ ಸಮಿತಿಗಳೂ ಈ ಕೆಲಸಕ್ಕೆ ಹಿಂಜರಿಯುತ್ತವೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಆ್ಯಂಡಿ ವಾರ್ಹೋಲ್ ಕೃತಿಗಳನ್ನು ಪರಿಶೀಲಿಸುತ್ತಿದ್ದ ಮಂಡಳಿಯು, ‘ನಕಲಿ’ ಎಂದಾಗಲೆಲ್ಲ ಎದುರಾಗುತ್ತಿದ್ದ ದಾವೆಗಳ ಖರ್ಚು ಭರಿಸುವುದು ಭಾರವಾಗಿ 2012ರಲ್ಲಿ ಬಾಗಿಲು ಮುಚ್ಚಿತು. ಇಷ್ಟಿರುವಾಗ, ಫೋನಿನಲ್ಲಿ ಒಂದು ಫೋಟೊ ನೋಡಿ ‘ನೂರಕ್ಕೆ ನೂರು ಅಸಲಿ’ ಎಂದು ಬರೆದುಕೊಡುವ ಧೈರ್ಯವನ್ನು ಅನುಮಾನಿಸುವುದು ಸರಿಯಾದುದೇ.

ಒಳ್ಳೆಯ ಪ್ರಮಾಣಪತ್ರದಲ್ಲಿ ಏನೇನಿರಬೇಕು?

ಕಲಾವಿದರ ಹೆಸರು, ಕೃತಿಯ ಶೀರ್ಷಿಕೆ, ರಚನೆಯ ವರ್ಷ, ಮಾಧ್ಯಮ, ಫ್ರೇಮನ್ನು ಬಿಟ್ಟು ತೆಗೆದ ಅಳತೆ, ಸಹಿ ಎಲ್ಲಿದೆ ಮತ್ತು ಯಾವ ಲಿಪಿಯಲ್ಲಿದೆ ಎಂಬ ವಿವರ, ಕೃತಿಯ ಮುಂಭಾಗ ಹಾಗೂ ಹಿಂಭಾಗದ ಫೋಟೊ ಇರಬೇಕು. ಪತ್ರ ಕೊಟ್ಟವರ ಸಹಿಯು ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬರುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾಗಿ, ತೀರ್ಮಾನಕ್ಕೆ ಬಂದದ್ದು ಹೇಗೆ ಎಂಬ ಒಂದೆರಡು ವಾಕ್ಯಗಳಾದರೂ ಇರಬೇಕು. ‘ಪರಿಣತರಿಂದ ಪರಿಶೀಲಿಸಲ್ಪಟ್ಟಿದೆ’ ಎಂಬ ಮಾತಿನಲ್ಲಿ ಪರಿಣತರ ಹೆಸರಿಲ್ಲದಿದ್ದರೆ ಆ ವಾಕ್ಯ ಇದ್ದೂ ಇಲ್ಲದಂತೆ. ‘ಅವರದೆನ್ನಲಾದ’, ‘ಅವರ ಶೈಲಿಯ’, ‘ಅವರ ಶಿಷ್ಯವರ್ಗದ’ ಎಂಬ ಪದಗಳು ಕಂಡರೆ, ಬರೆದವರು ಜಾಣತನದಿಂದ ಹೊಣೆಯನ್ನು ಕೈಬಿಟ್ಟಿದ್ದಾರೆ ಎಂದು ತಿಳಿಯಬೇಕು. ವಿಮೆಗಾಗಿ ಅಥವಾ ಆಸ್ತಿ ಹಂಚಿಕೆಗಾಗಿ ಮಾಡಿಸಿದ ಮೌಲ್ಯಮಾಪನ ಪತ್ರವನ್ನು ಅಸಲಿತನದ ಪತ್ರವೆಂದು ತೋರಿಸುವವರೂ ಇದ್ದಾರೆ. ‘ಇದು ಅಸಲಿಯಾಗಿದ್ದ ಪಕ್ಷದಲ್ಲಿ ಬೆಲೆ ಇಷ್ಟು’ ಎಂಬುದಷ್ಟೇ ಅದರ ಅರ್ಥ.

ಪತ್ರ ಅಸಲಿಯಾಗಿದ್ದು ವಸ್ತು ಮಾತ್ರ ನಕಲಿಯಾಗಿರುವ ಸಾಧ್ಯತೆಯಿದೆಯೇ?

ಇದೆ. ನ್ಯೂಯಾರ್ಕಿನ ಏಲಿ ಸಖಾಯ್ ಎಂಬ ವ್ಯಾಪಾರಿ ಅಸಲಿ ಚಿತ್ರಗಳನ್ನು ಪ್ರಮಾಣಪತ್ರಸಮೇತ ಕೊಂಡು, ಅವುಗಳ ನಕಲು ಬರೆಯಿಸಿ, ಅಸಲಿ ಪತ್ರವನ್ನು ನಕಲಿನ ಜೊತೆ ಮಾರಿ, ಕೆಲವು ವರ್ಷ ಬಿಟ್ಟು ಅಸಲಿ ಚಿತ್ರವನ್ನೂ ಮಾರುತ್ತಿದ್ದ. 2000ನೇ ಇಸವಿಯಲ್ಲಿ ಗೋಗ್ಯಾನ್ ಬರೆದ ಒಂದೇ ಹೂದಾನಿಯ ಚಿತ್ರ ಕ್ರಿಸ್ಟೀಸ್ ಮತ್ತು ಸದಬೀಸ್ ಎಂಬ ಎರಡೂ ಹರಾಜು ಸಂಸ್ಥೆಗಳ ಪಟ್ಟಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡಾಗ ಈ ವ್ಯವಹಾರ ಬಯಲಿಗೆ ಬಂತು. ಆ ಪತ್ರದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದು ಬೇರೊಂದು ಚಿತ್ರದ ಬಗ್ಗೆ ಬರೆದದ್ದಾಗಿತ್ತು, ಅಷ್ಟೆ. ಫೋಟೊ, ಅಳತೆ, ಕ್ಯಾನ್ವಾಸಿನ ಹಿಂದಿನ ಗುರುತುಗಳು ಪತ್ರದಲ್ಲಿರಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿಯೇ. ‘ಒಂದು ಕ್ರಿಕೆಟ್ ಬ್ಯಾಟು, ಸಹಿ ಸಹಿತ’ ಎಂದಷ್ಟೇ ಬರೆದಿರುವ ಪತ್ರ ಊರಿನಲ್ಲಿರುವ ಎಲ್ಲ ಬ್ಯಾಟುಗಳಿಗೂ ಅನ್ವಯಿಸುತ್ತದೆ.

ಹಳೆಯ ಪತ್ರ, ಹಳೆಯ ರಸೀದಿ ಎಂದು ತೋರಿಸಿದರೆ ಅದನ್ನು ಪರೀಕ್ಷಿಸುವುದು ಹೇಗೆ?

ಇಲ್ಲಿ ನಮ್ಮ ಭಾಗದ ಚರಿತ್ರೆ ತಿಳಿದವರಿಗೆ ದೊಡ್ಡ ಅನುಕೂಲವಿದೆ, ಏಕೆಂದರೆ ಈ ಮೂರು ಜಿಲ್ಲೆಗಳ ಆಡಳಿತ ಹಲವು ಸಲ ಬದಲಾಗಿದೆ. ಕಾಗದ ತಯಾರಿಸುವ ಮೋಸಗಾರರಿಗೆ ಆ ಇಸವಿಗಳೆಲ್ಲ ನೆನಪಿರುವುದಿಲ್ಲ.

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಆದ್ದರಿಂದ 1985ರ ದಿನಾಂಕವಿರುವ ಲೆಟರ್‌ಹೆಡ್ಡಿನಲ್ಲಿ ‘ಜಿಲ್ಲೆ: ಕೊಪ್ಪಳ’ ಎಂದು ಅಚ್ಚಾಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. ಅದಕ್ಕೆ ಹಿಂದಿನ ಕಾಗದಗಳಲ್ಲಿ ಅವು ಬಳ್ಳಾರಿ ಜಿಲ್ಲೆಯವೇ ಆಗಿರಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿತ್ತು. 1950ರ ರಾಯಚೂರಿನ ರಸೀದಿಯಲ್ಲಿ ಮೈಸೂರು ರಾಜ್ಯದ ಉಲ್ಲೇಖ ಬರಲಾರದು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಅಧಿಕೃತವಾದದ್ದು 1973ರಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರನ್ನು ‘ಬಳ್ಳಾರಿ’ ಎಂದು ಓದಿಸುವ ಕಾಗುಣಿತ ಸರ್ಕಾರಿ ಬಳಕೆಗೆ ಬಂದದ್ದು 2014ರ ನವೆಂಬರ್ 1ರಿಂದ, ಅದಕ್ಕೂ ಮೊದಲು ‘ಬೆಲ್ಲಾರಿ’ ಎಂದೇ ಬರೆಯಲಾಗುತ್ತಿತ್ತು. ಆದರೆ ಕೆಲವರು ಮೊದಲೇ ಹೊಸ ರೀತಿಯಲ್ಲಿ ಬರೆದಿರಬಹುದಾದ್ದರಿಂದ ಇದೊಂದನ್ನೇ ಹಿಡಿದು ತೀರ್ಪು ಕೊಡಬಾರದು.

ಅಂಚೆಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಹಾಗಾಗಿ 1965ರ ವಿಳಾಸದಲ್ಲಿ ಆರು ಅಂಕಿಗಳ ಪಿನ್ ಇರಲು ಸಾಧ್ಯವೇ ಇಲ್ಲ. ದಶಮಾಂಶ ನಾಣ್ಯಪದ್ಧತಿ 1957ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೂ ಹಿಂದಿನ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿರಬೇಕು. ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು 2017ರ ಜುಲೈಗೆ ಹಿಂದಿನದಾಗಿರಲಾರದು. ಬಿರುದುಗಳನ್ನೂ ನೋಡಬೇಕು: ಕುವೆಂಪು ಅವರಿಗೆ ರಾಷ್ಟ್ರಕವಿ ಗೌರವ ಸಂದದ್ದು 1964ರಲ್ಲಿ, ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ, ‘ಡಾ. ರಾಜ್‌ಕುಮಾರ್ ಅವರ ಸಹಿ’ ಎಂದು 1970ರ ದಿನಾಂಕ ಹಾಕಿ ಬರೆದ ಪತ್ರ ಎರಡನೆಯ ಸಲ ನೋಡಬೇಕಾದದ್ದು. ಇನ್ನು ಅಕ್ಷರದ ರೂಪ. 1978ರಲ್ಲಿ ಕನ್ನಡವನ್ನು ಅಚ್ಚುಮೊಳೆ ಜೋಡಿಸಿಯೋ ಟೈಪ್‌ರೈಟರಿನಲ್ಲಿ ಬೆರಳಚ್ಚು ಮಾಡಿಯೋ ಸಿದ್ಧಪಡಿಸುತ್ತಿದ್ದರು. ಮೊಳೆಯ ಅಚ್ಚು ಕಾಗದದ ಮೇಲೆ ಸ್ವಲ್ಪ ಒತ್ತಿದ ಗುರುತು ಬಿಡುತ್ತದೆ, ಹಿಂದೆ ಬೆರಳಾಡಿಸಿದರೆ ಕೆಲವೊಮ್ಮೆ ತಿಳಿಯುತ್ತದೆ. ನುಡಿ ತಂತ್ರಾಂಶದ ಅಕ್ಷರಗಳು ಲೇಸರ್ ಪ್ರಿಂಟಿನಲ್ಲಿ ಆ ಗುರುತು ಬಿಡುವುದಿಲ್ಲ.

ಕಾಗದವನ್ನೇ ಸೃಷ್ಟಿಸುವ ವಿದ್ಯೆಯಲ್ಲಿ ಇಂಗ್ಲೆಂಡಿನ ಜಾನ್ ಡ್ರೂ ಎಂಬಾತನನ್ನು ಮೀರಿಸಿದವರು ಕಡಿಮೆ. ಜಾನ್ ಮಯಾಟ್ ಬರೆದುಕೊಟ್ಟ ನಕಲಿ ಚಿತ್ರಗಳಿಗಾಗಿ ಆತ ಹಳೆಯ ರಸೀದಿ, ಪ್ರದರ್ಶನದ ಪಟ್ಟಿಗಳನ್ನು ತಯಾರಿಸಿದ್ದಲ್ಲದೆ, ಲಂಡನ್ನಿನ ಟೇಟ್ ಮುಂತಾದ ಸಂಸ್ಥೆಗಳ ದಾಖಲೆಗಳ ನಡುವೆ ಅವನ್ನು ಸೇರಿಸಿಯೂ ಬಂದಿದ್ದ. 1999ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು.

ಸಹಿಯನ್ನು ನಾವೇ ಪರೀಕ್ಷಿಸಿ ನೋಡಬಹುದೇ?

ಅಂತಿಮ ತೀರ್ಮಾನ ಕೊಡಲಾಗದಿದ್ದರೂ ಅನೇಕ ನಕಲಿಗಳನ್ನು ಒಂದು ಭೂತಗನ್ನಡಿಯಿಂದಲೇ ಹೊರಗಿಡಬಹುದು. ಸಹಿ ಹಾಕಿ ಅಭ್ಯಾಸವಿರುವವರ ಕೈ ವೇಗವಾಗಿ ಓಡುತ್ತದೆ, ಗೆರೆಯ ಮೊದಲೂ ಕೊನೆಯೂ ಚೂಪಾಗಿ ತೆಳುವಾಗುತ್ತವೆ. ನೋಡಿಕೊಂಡು ತಿದ್ದುವ ಕೈ ನಿಧಾನವಾಗಿ ಸಾಗುವುದರಿಂದ ಗೆರೆ ನಡುಗುತ್ತದೆ, ಕೊನೆ ಮೊಂಡಾಗುತ್ತದೆ, ಪೆನ್ನು ಎತ್ತಬೇಕಿಲ್ಲದ ಕಡೆ ಎತ್ತಿದ ಗುರುತು ಕಾಣುತ್ತದೆ. ವಯಸ್ಸಾದವರ ಅಸಲಿ ಸಹಿಯಲ್ಲೂ ನಡುಕವಿರುತ್ತದೆಯಾದ್ದರಿಂದ ಅದೇ ಕಾಲದ, ದಿನಾಂಕವಿರುವ ಹಲವು ಸಹಿಗಳೊಡನೆ ಹೋಲಿಸಬೇಕು. ಒಂದೇ ಮಾದರಿ ಸಾಲದು. ಮಾದರಿಯೊಂದಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಹಿ ಹೊಂದಿಕೊಂಡರೆ ಸಂತೋಷಪಡುವ ಬದಲು ಸಂಶಯಪಡಬೇಕು, ಏಕೆಂದರೆ ಯಾರೂ ಎರಡು ಸಲ ಒಂದೇ ಅಚ್ಚಿನಂತೆ ರುಜು ಮಾಡುವುದಿಲ್ಲ. ಅದು ರಬ್ಬರ್ ಸ್ಟಾಂಪಿನದೋ, ಸಹಿ ಹಾಕುವ ಯಂತ್ರದ್ದೋ, ಫೋಟೊದೊಡನೆ ಮುದ್ರಿತವಾದದ್ದೋ ಆಗಿರಬಹುದು.

ಪೆನ್ನು ಯಾವುದು ಎಂಬುದೂ ಸಾಕ್ಷಿ ಹೇಳುತ್ತದೆ. ಬಾಲ್‌ಪೆನ್ನು ಜನಬಳಕೆಗೆ ಬಂದದ್ದು 1940ರ ದಶಕದಲ್ಲಿ, ಜೆಲ್ ಪೆನ್ನು 1980ರ ದಶಕದಲ್ಲಿ. ರಂಗನಟ ಬಳ್ಳಾರಿ ರಾಘವರು ತೀರಿಕೊಂಡದ್ದು 1946ರಲ್ಲಿ. ಅವರದೆನ್ನುವ ಪತ್ರವೊಂದು ಜೆಲ್ ಶಾಯಿಯಲ್ಲಿದ್ದರೆ ಜೊತೆಗಿರುವ ಪ್ರಮಾಣಪತ್ರದಲ್ಲಿ ಎಷ್ಟು ಮುದ್ರೆಗಳಿದ್ದರೂ ಪ್ರಯೋಜನವಿಲ್ಲ. ಸಹಿ ಇರುವ ಪುಸ್ತಕದ ಮುದ್ರಣ ವರ್ಷವನ್ನು ನೋಡುವ ಸರಳ ಕೆಲಸವನ್ನೇ ಹಲವರು ಮರೆಯುತ್ತಾರೆ: ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ನಿಧನರಾದರು, ಅನಂತರದ ಮರುಮುದ್ರಣಗಳಲ್ಲಿ ಅವರ ಕೈಸಹಿ ಇರಲಾರದು.

ಹೆಸರುವಾಸಿಯಾದವರ ಸಹಿಗೆ ಬೇಡಿಕೆ ಇದ್ದಲ್ಲೆಲ್ಲ ಕಳ್ಳ ಕೈಗಳೂ ಇರುತ್ತವೆ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆ ನಡೆಸಿದಾಗ ಸಿಕ್ಕ ನಕಲಿ ವಸ್ತುಗಳಲ್ಲಿ ಮದರ್ ತೆರೇಸಾ ಅವರ ಸಹಿಯಿರುವ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಆ ಜಾಲ ಮಾರುತ್ತಿದ್ದ ಸರಕಿಗೆ ಪ್ರಮಾಣಪತ್ರಗಳೂ ಜೊತೆಗಿದ್ದವು.

ಗಾಂಧೀಜಿ ನಮ್ಮೂರಿಗೆ ಬಂದಾಗ ಹಾಕಿದ ಸಹಿ ನಮ್ಮ ಮನೆಯಲ್ಲಿದೆ. ಅದಕ್ಕೆ ಪ್ರಮಾಣಪತ್ರ ಮಾಡಿಸಬೇಕೇ?

ಗಾಂಧೀಜಿ 1921ರಲ್ಲಿಯೂ 1934ರ ಹರಿಜನ ಪ್ರವಾಸದಲ್ಲಿಯೂ ಬಳ್ಳಾರಿಗೆ ಬಂದಿದ್ದರು, ಹರಿಜನ ನಿಧಿಗಾಗಿ ಐದು ರೂಪಾಯಿ ಪಡೆದು ಹಸ್ತಾಕ್ಷರ ಕೊಡುತ್ತಿದ್ದರು. ಹೀಗಾಗಿ ನಮ್ಮ ಭಾಗದ ಹಳೆಯ ಮನೆಗಳಲ್ಲಿ ಅವರ ಸಹಿ ಇರುವುದು ಅಸಂಭವವೇನಲ್ಲ. ಆದರೆ ಅವರು ಬಂದಿದ್ದರು ಎಂಬುದರಿಂದ ಈ ಸಹಿ ಅವರದೇ ಎಂದಾಗುವುದಿಲ್ಲ. ದುಡ್ಡು ಕೊಟ್ಟು ಯಾರಿಂದಲೋ ಪತ್ರ ಬರೆಸುವ ಮೊದಲು ಮನೆಯಲ್ಲಿರುವ ಆಧಾರಗಳನ್ನು ಜೋಡಿಸಿಕೊಳ್ಳುವುದು ಲೇಸು. ಸಹಿ ಯಾವ ಪುಸ್ತಕದಲ್ಲಿದೆ, ಅದೇ ಪುಸ್ತಕದ ಅಕ್ಕಪಕ್ಕದ ಹಾಳೆಗಳಲ್ಲಿ ಬೇರೆಯವರ ಸಹಿ ಮತ್ತು ದಿನಾಂಕಗಳಿವೆಯೇ, ಅಜ್ಜನ ದಿನಚರಿ ಅಥವಾ ಕಾಗದಗಳಲ್ಲಿ ಆ ಭೇಟಿಯ ಉಲ್ಲೇಖವಿದೆಯೇ ಎಂಬುದನ್ನು ನೋಡಿ, ಹಿರಿಯರ ನೆನಪನ್ನು ಅವರ ಸಹಿಯೊಡನೆ ಬರೆದಿಡಬೇಕು. ಪುಸ್ತಕದಿಂದ ಆ ಒಂದು ಹಾಳೆಯನ್ನು ಕತ್ತರಿಸಿ ಫ್ರೇಮು ಹಾಕಿಸಿದರೆ ಈ ಸಾಕ್ಷಿಯೆಲ್ಲ ನಾಶವಾಗುತ್ತದೆ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಹೀಗೆ ಮಾಡಿಬಿಟ್ಟಿದ್ದಾರೆ.

‘ರವಿವರ್ಮ ಒರಿಜಿನಲ್’ ಎಂಬ ಪತ್ರದೊಂದಿಗೆ ಪಟ ಮಾರುತ್ತಾರಲ್ಲ?

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಅದು ಮುಂದೆ ಲೋಣಾವಳಾ ಸಮೀಪದ ಮಳವಲಿಗೆ ಹೋಗಿ, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೈಸೇರಿತು. ರವಿವರ್ಮರು 1906ರಲ್ಲಿ ತೀರಿಕೊಂಡ ಮೇಲೆಯೂ ಪಟಗಳು ಅಚ್ಚಾಗುತ್ತಲೇ ಇದ್ದವು. ನಮ್ಮ ಹಳೆಯ ಮನೆಗಳ ಲಕ್ಷ್ಮಿ, ಸರಸ್ವತಿ ಪಟಗಳಲ್ಲಿ ಅನೇಕವು ಈ ಮೂಲದವು, ಅವುಗಳ ಮೇಲಿನ ಸಹಿ ಕೂಡ ಅಚ್ಚಿನದೇ. ಹೀಗಾಗಿ ‘ಒರಿಜಿನಲ್’ ಎಂಬುದರ ಅರ್ಥ ‘ಹಳೆಯ ಓಲಿಯೋಗ್ರಾಫ್’ (ತೈಲಚಿತ್ರದಂತೆ ಕಾಣುವ ಕಲ್ಲಚ್ಚಿನ ಪಟ) ಎಂದಾದರೆ ತಕರಾರಿಲ್ಲ, ‘ರವಿವರ್ಮರೇ ಕೈಯಾರೆ ಬರೆದದ್ದು’ ಎಂದಾದರೆ ಅದು ಬೇರೆಯೇ ಮಾತು. ಭೂತಗನ್ನಡಿಯಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಕ್ರಮಬದ್ಧವಾಗಿ ಹೂವಿನಂತೆ ಸುತ್ತುವರಿದು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮರುಮುದ್ರಣ. ಕಲ್ಲಚ್ಚಿನ ಚುಕ್ಕೆಗಳು ಕೈಯಿಂದಿಟ್ಟವಾದ್ದರಿಂದ ಅಷ್ಟು ಶಿಸ್ತಿನಲ್ಲಿರುವುದಿಲ್ಲ. ರವಿವರ್ಮರ ಮೂಲ ತೈಲಚಿತ್ರಗಳು ‘ಕಲಾನಿಧಿ’ ಎಂದು ಘೋಷಿತವಾದವು. ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಕಿನ್ನಾಳದ ಗೊಂಬೆಗೆ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಇದ್ದರೆ ಅದೇ ಪ್ರಮಾಣಪತ್ರವಲ್ಲವೇ?

ಕಿನ್ನಾಳದ ಗೊಂಬೆಗಳಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ನೋಂದಣಿ ಇದೆ. ಆದರೆ ಅದು ವಸ್ತುವು ಇಂಥ ಪ್ರದೇಶದ್ದು, ಇಂಥ ವಿಧಾನದಲ್ಲಿ ತಯಾರಾದದ್ದು ಎಂಬುದಕ್ಕಷ್ಟೇ ಸಂಬಂಧಿಸಿದ್ದು. ಯಾವ ಚಿತ್ರಗಾರರ ಕೈಯದು, ಎಷ್ಟು ಹಳೆಯದು ಎಂಬುದನ್ನು ಅದು ಹೇಳುವುದಿಲ್ಲ. ಕಿನ್ನಾಳದ ಕೆಲಸದಲ್ಲಿ ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನೊಡನೆ ಕಲಸಿದ ‘ಕಿಟ್ಟ’ವನ್ನು ಮೇಲೆ ಹಚ್ಚಿ ಅನಂತರ ಬಣ್ಣ ಬಳಿಯುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರಿನ ಅಥವಾ ಫೈಬರಿನ ಗೊಂಬೆಯನ್ನು ಕೈಯಲ್ಲಿ ಹಿಡಿದು ತಳ ನೋಡಿದರೆ ಬೇರೆತನ ತಿಳಿಯುತ್ತದೆ. ಕಿನ್ನಾಳ ಕೊಪ್ಪಳದ ಹತ್ತಿರವೇ ಇರುವುದರಿಂದ, ಪತ್ರದ ಮಾತು ಬಿಟ್ಟು ನೇರವಾಗಿ ಚಿತ್ರಗಾರರ ಮನೆಗೇ ಹೋಗಿ ಕೊಂಡು, ಅವರ ಸಹಿಯಿರುವ ಚೀಟಿ ಪಡೆಯುವುದು ಎಲ್ಲಕ್ಕಿಂತ ಸುಲಭ.

ಪುರಾತತ್ವ ಇಲಾಖೆಯ ನೋಂದಣಿ ಪತ್ರ ತೋರಿಸಿದರೆ?

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ ಮೊದಲಾದವೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳೆನಿಸುತ್ತವೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನೋಂದಣಿ ಪತ್ರವು ಒಡೆತನದ ದಾಖಲೆ. ಬೆಲೆಯ ಅಥವಾ ಕರ್ತೃತ್ವದ ಖಾತರಿಯಲ್ಲ. ಇದಕ್ಕಿಂತ ವಿಚಿತ್ರವಾದದ್ದು, ವಿದೇಶಕ್ಕೆ ಕಳಿಸುವಾಗ ‘ಇದು ಪುರಾತನ ವಸ್ತುವಲ್ಲ’ ಎಂದು ಇಲಾಖೆ ಕೊಡುವ ಪತ್ರವನ್ನೇ ಅಸಲಿತನದ ದಾಖಲೆಯೆಂದು ತೋರಿಸುವುದು: ಅದನ್ನು ಸರಿಯಾಗಿ ಓದಿದರೆ ವಸ್ತು ಹಳೆಯದಲ್ಲ ಎಂದೇ ಅದರಲ್ಲಿ ಬರೆದಿರುತ್ತದೆ. ಹಂಪಿ, ಆನೆಗೊಂದಿ ಸುತ್ತಮುತ್ತ ಹಳೆಯ ಶಿಲ್ಪವೆಂದು ಯಾರಾದರೂ ಪತ್ರಸಮೇತ ಮಾರಲು ಬಂದರೆ ಪತ್ರ ಓದುವ ಗೋಜಿಗೂ ಹೋಗದಿರುವುದು ಕ್ಷೇಮ.

ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತವಾಗುತ್ತದೆಯೇ?

ಪ್ರಯೋಗಾಲಯವು ಒಂದು ಕೃತಿ ಅಸಲಿಯಲ್ಲ ಎಂಬುದನ್ನು ತೋರಿಸಬಲ್ಲದು. ಇಂಥವರದೇ ಎಂದು ಸಾಧಿಸುವುದು ಅಪರೂಪ. ನಕಲಿ ಚಿತ್ರ ಬರೆದು ಮಾರುತ್ತಿದ್ದ ಜರ್ಮನಿಯ ವುಲ್ಫ್‌ಗ್ಯಾಂಗ್ ಬೆಲ್ಟ್ರಾಚ್ಚಿ ಸಿಕ್ಕಿಬಿದ್ದದ್ದು, 1914ರದೆಂದು ಮಾರಿದ್ದ ಚಿತ್ರದಲ್ಲಿ ಆ ಕಾಲಕ್ಕೆ ಬಳಕೆಗೇ ಬಂದಿರದ ಟೈಟಾನಿಯಂ ಬಿಳಿಬಣ್ಣ ಪತ್ತೆಯಾದಾಗ. 2011ರಲ್ಲಿ ಆತನಿಗೆ ಶಿಕ್ಷೆಯಾಯಿತು. ಮನೆಯಲ್ಲೇ ಮಾಡಬಹುದಾದದ್ದು ಅತಿನೇರಳೆ ಟಾರ್ಚಿನ ಪರೀಕ್ಷೆ: ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಸುಮಾರು 1950ರ ನಂತರವಾದ್ದರಿಂದ, 1930ರದೆಂದು ಹೇಳುವ ಕಾಗದ ಕತ್ತಲಲ್ಲಿ ನೀಲಿಯಾಗಿ ಹೊಳೆದರೆ ಅನುಮಾನಿಸಬೇಕು.

ಹೊಲೊಗ್ರಾಮ್, ಕ್ಯೂಆರ್ ಕೋಡ್, ಬ್ಲಾಕ್‌ಚೈನ್ ಇದ್ದರೆ ಸಾಕೇ?

ಸಾಲದು. ಕೋಡನ್ನು ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟ ಮಾರಾಟಗಾರರದೇ ಆಗಿದ್ದರೆ ಅದೇ ಹೇಳಿಕೆಯನ್ನು ಎರಡನೆಯ ಸಲ ಓದಿದಂತಾಯಿತು. ಬ್ಲಾಕ್‌ಚೈನ್ ಎಂದರೆ ಒಮ್ಮೆ ಬರೆದದ್ದನ್ನು ತಿದ್ದಲಾಗದ ಡಿಜಿಟಲ್ ದಾಖಲೆ ಪುಸ್ತಕ; ಅದರಲ್ಲಿ ಸುಳ್ಳನ್ನು ದಾಖಲಿಸಿದರೆ ಅಳಿಸಲಾಗದ ಸುಳ್ಳಾಗುತ್ತದೆ.

ನಾನು ಚಿತ್ರಕಲಾವಿದ. ನನ್ನ ಕೃತಿಗಳಿಗೆ ನಾನೇ ಪತ್ರ ಕೊಡಬೇಕೇ?

ಖಂಡಿತ ಕೊಡಬೇಕು, ಅದರ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಒಂದು ಗಟ್ಟಿ ನೋಟ್‌ಬುಕ್ಕಿನಲ್ಲಿ ಕೃತಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಕ್ಯಾನ್ವಾಸಿನ ಹಿಂದೆಯೂ ಪತ್ರದಲ್ಲೂ ಬರೆದು, ಯಾರಿಗೆ, ಎಂದು ಮಾರಿದ್ದು ಎಂದು ನಮೂದಿಸಿದರೆ ಮುಂದೆ ನಿಮ್ಮ ಮಕ್ಕಳು ಊಹೆಯಿಂದ ಪತ್ರ ಬರೆಯಬೇಕಾಗುವುದಿಲ್ಲ. ಮುದ್ರಿತ ಪ್ರತಿಗಳಾದರೆ ಒಟ್ಟು ಎಷ್ಟು, ಇದು ಎಷ್ಟನೆಯದು ಎಂದು ಸ್ಪಷ್ಟವಾಗಿ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ, ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗೆ ಮೀರಿದ ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಶೇಕಡ ಹತ್ತನ್ನು ಮೀರದ ಪಾಲು ಕೇಳುವ ಹಕ್ಕು ಕಲಾವಿದರಿಗಿದೆ. ಲೆಕ್ಕ ಇಟ್ಟವರಿಗೆ ಮಾತ್ರ ಅದನ್ನು ಕೇಳುವುದು ಸಾಧ್ಯವಾದೀತು.

ಪತ್ರ ನಂಬಿ ಮೋಸಹೋದರೆ ಏನು ಮಾಡಬೇಕು?

ಮೊದಲು ಪತ್ರ, ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಹಣ ಕಳಿಸಿದ ದಾಖಲೆ ಎಲ್ಲವನ್ನೂ ಒಟ್ಟುಗೂಡಿಸಿ, ಹಣ ಹಿಂತಿರುಗಿಸುವಂತೆ ಮಾರಾಟಗಾರರಿಗೆ ಲಿಖಿತ ನೋಟಿಸು ಕೊಡಬೇಕು. ವ್ಯಾಪಾರಿಯಿಂದ ಸ್ವಂತಕ್ಕೆ ಕೊಂಡಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರರು ಮುಂಬಯಿಯಲ್ಲಿದ್ದರೂ ಬಳ್ಳಾರಿಯವರು ಬಳ್ಳಾರಿಯಲ್ಲೇ ಸಲ್ಲಿಸಬಹುದು. ಕೊಟ್ಟ ಬೆಲೆ ಐವತ್ತು ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ, ಎರಡು ವರ್ಷದೊಳಗೆ ದೂರು ದಾಖಲಾಗಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಮೊದಲ ಮಾರ್ಗದರ್ಶನ ಸಿಗುತ್ತದೆ. ಬೇಕೆಂದೇ ಮೋಸ ಮಾಡಿದ್ದು ಸ್ಪಷ್ಟವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಪೊಲೀಸರಿಗೂ ದೂರು ನೀಡಬಹುದು.

ನಕಲಿ ಎಂದು ಗೊತ್ತಾದ ವಸ್ತುವನ್ನು, ಹೋದ ಹಣ ಬರಲಿ ಎಂದು ಅದೇ ಪತ್ರದೊಂದಿಗೆ ಇನ್ನೊಬ್ಬರಿಗೆ ದಾಟಿಸಿದರೆ ಅದೇ ಕಲಮು ದಾಟಿಸಿದವರಿಗೂ ಅನ್ವಯಿಸುತ್ತದೆ. ವ್ಯಾಜ್ಯ ನಡೆಯುತ್ತಿರುವಷ್ಟು ಕಾಲ ವಸ್ತುವೂ ಪತ್ರವೂ ಸಾಕ್ಷ್ಯಗಳಾದ್ದರಿಂದ ಯಾವುದನ್ನೂ ತಿದ್ದದೆ, ಹರಿಯದೆ ಇದ್ದ ಹಾಗೆಯೇ ಕಾಪಾಡಬೇಕು. ವ್ಯಾಜ್ಯ ಮುಗಿದ ಮೇಲೂ ವಸ್ತು ಮನೆಯಲ್ಲೇ ಉಳಿದರೆ, ಅದರ ಹಿಂಬದಿಯಲ್ಲಿ ‘ನಕಲು’ ಎಂದು ಅಳಿಸಲಾಗದ ಶಾಯಿಯಲ್ಲಿ ಬರೆದು, ಪ್ರಮಾಣಪತ್ರಕ್ಕೂ ಅಡ್ಡಗೆರೆ ಎಳೆದು ಇಡತಕ್ಕದ್ದು.